ಅಕ್ಕತಂಗಿ ಬಳ್ಳಿಯ ಗಡ್ಡೆ

ಉಸಗಾಂವ
12 ಆಗಸ್ಟ್ 2025, ಮಂಗಳವಾರ

ಪ್ರೀತಿಯ ಅವ್ವಾ,

ಮೊದಲು ನನ್ನ ಅಕ್ಷರ ನೋಡಿ ಬೈಯಬೇಡ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟ ಮೇಲೆ ಕಿರಾಣಿ ಚೀಟಿ ಬಿಟ್ಟರೆ ನಾನು ಏನನ್ನೂ ಬರೆದಿಲ್ಲ. ಒತ್ತಕ್ಷರ ತಪ್ಪಿದ ಕಡೆ ನೀನೇ ಸರಿ ಮಾಡಿಕೊಂಡು ಓದು. ನನ್ನ ಪಾಟಿಯ ಮೇಲೆ ಬೆರಳಿಟ್ಟು ನನ್ನ ಜೊತೆಗೇ ಓದಲು ಕಲಿತವಳು ನೀನು. ನನ್ನ ಸೊಟ್ಟ ಅಕ್ಷರ ನಿನ್ನಷ್ಟು ಚೆನ್ನಾಗಿ ಬೇರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಇದನ್ನು ಯಾರ ಮುಂದೆಯೂ ಓದಬೇಡ. ಒಬ್ಬಳೇ ಇದ್ದಾಗ ಓದು, ಕೊನೆಯ ತನಕ ಓದು.

ನಿನ್ನ ಮೊಣಕಾಲು ಹೇಗಿದೆ? ಅಕ್ಕನ ಕಾಲಿನ ಬಾವು ಇಳಿಯಿತೇ? ಅವಳಿಗೆ ಈಗ ಊಟ ಸೇರುತ್ತದೆಯೇ, ಕೂಸು ಚೆನ್ನಾಗಿ ಒದೆಯುತ್ತದೆಯೇ? ನಾವಿಲ್ಲಿ ಆರಾಮವಾಗಿದ್ದೇವೆ. ಅಪ್ಪನಿಗೆ ಕಾರಖಾನೆಯಲ್ಲಿ ವಾರಕ್ಕೆ ನಾಲ್ಕು ದಿನ ಕೆಲಸ ಸಿಗುತ್ತದೆ. ಮಳೆ ಮಾತ್ರ ಬಿಡುತ್ತಿಲ್ಲ. ಹಗ್ಗಕ್ಕೆ ಹಾಕಿದ ಬಟ್ಟೆಯನ್ನು ಮೂರು ದಿನವಾದರೂ ಹಿಂಡಬಹುದು. ನೀನು ಹೋಳಿಯ ಮರುದಿನ ಅಕ್ಕನ ಆರೈಕೆಗೆಂದು ಅವಳ ಅತ್ತೆಮನೆಗೆ ಹೋದವಳು, ಐದು ತಿಂಗಳಾಯಿತು. ನಾನು ಮಾಡಿದ ರೊಟ್ಟಿ ತಟ್ಟೆಗೆ ಬಿದ್ದಾಗಲೆಲ್ಲ ಅಪ್ಪ, “ನಿಮ್ಮವ್ವ ಬರೋತನಕ ನನ್ನ ಹಲ್ಲು ಉಳಿದ್ರ ಸಾಕು” ಎನ್ನುತ್ತಾನೆ. ಆದರೂ ನಾಲ್ಕು ರೊಟ್ಟಿ ತಿನ್ನುತ್ತಾನೆ.

ಫೋನಿನಲ್ಲಿ ಹೇಳದೆ ಪತ್ರ ಯಾಕೆ ಬರೆದಳು ಎಂದು ನಿನಗೆ ಅನಿಸಬಹುದು. ಅಲ್ಲಿ ಫೋನು ಯಾವಾಗಲೂ ಸ್ಪೀಕರಿನ ಮೇಲೆ ಇರುತ್ತದೆ. ಅಕ್ಕನ ಅತ್ತೆಯವರು ಪಕ್ಕದಲ್ಲೇ ಕೂತಿರುತ್ತಾರೆ. ಅವರ ಕೆಮ್ಮು ಕೇಳಿದರೆ ನನ್ನ ಬಾಯಿಂದ “ಹೂಂ” ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ಹೋದ ಗುರುವಾರವೂ ಹಾಗೇ ಆಯಿತು. ಅತ್ತೆಯವರು, “ತಂಗೀ, ನಿಮ್ಮ ಬಳ್ಳಿದು ಒಂದ ಗಡ್ಡಿ ಕಳಸವಾ. ತೇದು ಪಾದಕ್ಕ ಹಚ್ಚಿದ್ರ ಹೆರಿಗಿ ಹೂ ಎತ್ತಿದಂಗ ಆಕ್ಕೈತಿ” ಎಂದರು. ಹಿಂದಿನಿಂದ ನೀನೂ, “ಅಲ್ಲಿ ದುಡಿಯಾಕ ಬಂದಿರೋ ಈ ಊರ ನಾನಪ್ಪ ಬುಧವಾರ ಬರಾಕತ್ತಾನ, ಅವನ ಕೈಯಾಗ ಕೊಟ್ಟ ಕಳಸ” ಎಂದೆ. ನಾನು “ಹೂಂ ಅವ್ವಾ” ಎಂದುಬಿಟ್ಟೆ.

ತಪ್ಪು ನನ್ನದೇ. ಅಕ್ಕತಂಗಿ ಬಳ್ಳಿಯ ಹೂವಿನ ಫೋಟೋ ತೆಗೆದು ಅಕ್ಕನ ಫೋನಿಗೆ ಕಳಿಸಿದವಳು ನಾನು. ಈ ವರ್ಷ ಹೂ ಬಿಟ್ಟೀತೆಂಬ ಆಸೆಯೇ ನನಗಿರಲಿಲ್ಲ, ಅದಕ್ಕೇ ಅಷ್ಟು ಜಂಬ. ಅದರ ಕಥೆ ನಿನಗೆ ಹೇಳಿಲ್ಲ, ಮುಚ್ಚಿಟ್ಟಿದ್ದೆ. ಈಗ ಹೇಳುತ್ತೇನೆ.

ನೀನು ಹೋಗುವಾಗ ಗಡ್ಡೆ ನೆಟ್ಟ ಟಾಯರ್ ತೋರಿಸಿ, “ನಿದ್ದಿ ಮಾಡಾಕತ್ತದ, ಎಬ್ಬಿಸಬ್ಯಾಡ” ಎಂದಿದ್ದೆ. ಅವ್ವಾ, ನನಗೆ ತಡೆಯಲಾಗಲಿಲ್ಲ. ರಸ್ತೆ ಅಗಲ ಮಾಡಲು ಗುಡ್ಡ ಕಡಿಯುವಾಗ ಯಂತ್ರದ ಮುಂದೆ ಹೋಗಿ ನಿಂತು, ಸೆರಗಿನಲ್ಲಿ ಆ ಗಡ್ಡೆ ಕಟ್ಟಿಕೊಂಡು ಬಂದವಳು ನೀನು. ಲಾರಿಯ ಹಳೇ ಟಾಯರಿಗೆ ಕೆಂಪು ಮಣ್ಣು, ಉಸುಕು, ಒಣಗಿದ ಸೆಗಣಿ ತುಂಬಿ ನೆಟ್ಟವಳು ನೀನು. ಅಂಥದ್ದು ನನ್ನ ಕೈಯಲ್ಲಿ ಸತ್ತರೆ ನಿನಗೆ ಏನು ಹೇಳಲಿ? ಏಪ್ರಿಲ್‌ನಲ್ಲಿ ಮಣ್ಣು ಬಿರುಕು ಬಿಟ್ಟಿತು. ಮೇಲೆ ಒಂದು ಎಲೆಯಿಲ್ಲ, ಕಡ್ಡಿಯಿಲ್ಲ. ದಿನಾ ಎರಡು ತಂಬಿಗೆ ನೀರು ಹಾಕತೊಡಗಿದೆ. ಹತ್ತು ದಿನ ಹಾಕಿದೆ. ಹನ್ನೊಂದನೆಯ ದಿನ ಕೆಟ್ಟ ವಾಸನೆ ಬಂದಿತು. ಅಗೆದು ನೋಡಿದರೆ ಮೂರು ಗಡ್ಡೆಗಳಲ್ಲಿ ಒಂದು ಕೊಳೆತು ಅಂಬಲಿಯಾಗಿತ್ತು. ಬರಿಗೈಯಲ್ಲಿ ತೆಗೆದೆ, ಬೆರಳು ಎರಡು ದಿನ ಉರಿದವು.

ಉಳಿದ ಎರಡನ್ನು ನೆರಳಲ್ಲಿ ಆರಿಸಿದೆ. ಆವಾಗಲೇ ನಾನು ಗಡ್ಡೆಯನ್ನು ಸರಿಯಾಗಿ ನೋಡಿದ್ದು. ಒಂದೇ ಗಡ್ಡೆಗೆ ಎರಡು ಕೈ, ನೇಗಿಲು ಬಾಗಿದ ಹಾಗೆ. ಮೊಳಕೆ ಬರುವುದು ಕೈಯ ತುದಿಯಲ್ಲಿ ಮಾತ್ರ, ತುದಿ ಮುರಿದರೆ ಆ ಕೈ ಮತ್ತೆ ಚಿಗುರುವುದಿಲ್ಲ. ಹಳೇ ಮಣ್ಣು ಚೆಲ್ಲಿ, ಹೊಸ ಮಣ್ಣಿಗೆ ಅರ್ಧದಷ್ಟು ಉಸುಕು ಬೆರೆಸಿ, ನಾಲ್ಕು ಬೆರಳು ಆಳದಲ್ಲಿ ಎರಡನ್ನೂ ಕೂಸಿನ ಹಾಗೆ ಅಡ್ಡ ಮಲಗಿಸಿದೆ. ಆಮೇಲೆ ಒಂದು ಹನಿ ನೀರು ಹಾಕಲಿಲ್ಲ. ನಮ್ಮ ಬಾಡಿಗೆ ಖೋಲಿಯ ಮಾಲಕಿಬಾಯಿ ಅದರಲ್ಲಿ ಮೆಣಸಿನ ಸಸಿ ಹಚ್ಚಲು ಬಂದಳು. ನಾನು ಅವಳಿಗೆ ಎದುರು ಮಾತಾಡಿದವಳಲ್ಲ. ಅವತ್ತು ಟಾಯರಿನ ಮೇಲೆ ಕೂತುಕೊಂಡೆ, ಅವಳು ಹೋಗುವ ತನಕ ಏಳಲಿಲ್ಲ.

ಜೂನ್‌ನಲ್ಲಿ ಎರಡನೆಯ ಮಳೆಗೆ ಹಸಿರು ಮೊಳೆಯಂತೆ ಎರಡು ಮೂತಿ ಹೊರಗೆ ಬಂದವು. ನನಗೆ ಅಳುವೇ ಬಂದಿತು. ನಗಬೇಡ. ಬಿದಿರು ಕಡ್ಡಿ ಊರಿ ತಂತಿ ಬೇಲಿಗೆ ದಾರ ಕಟ್ಟಿದೆ. ಎಲೆಯ ತುದಿಯೇ ಸುರುಳಿಯಾಗಿ ದಾರ ಹಿಡಿದುಕೊಂಡು ಬಳ್ಳಿ ಏರುತ್ತದೆ. ಬುಡದಲ್ಲಿ ನೀರು ನಿಲ್ಲದಂತೆ ಟಾಯರಿಗೆ ಮೊಳೆ ಕಾಯಿಸಿ ನಾಲ್ಕು ತೂತು ಮಾಡಿದೆ. ಈಗ ಬೇಲಿಯ ಮೇಲೆ ಹನ್ನೊಂದು ಹೂ ಇವೆ. ಮೊದಲ ದಿನ ಹಸಿರು ಹಳದಿ, ಆಮೇಲೆ ಅಂಚಿಗೆ ಹಳದಿ, ತುದಿಗೆ ಕೆಂಪು, ಕೊನೆಗೆ ಇಡೀ ಕೆಂಡ. ಹೋದ ವರ್ಷ ಅದನ್ನು ಕಸ ಎಂದ ಮಾಲಕಿಬಾಯಿ ಈಗ ಚೌತಿಗೆ ಗಣಪತಿಯ ಮೇಲೆ ಕಟ್ಟುವ ಮಾಟೋಳಿಗೆ ಎರಡು ಹೂ ಬೇಕೆಂದು ನನ್ನನ್ನು ಮನೆಮಗಳ ಹಾಗೆ “ಬಾಯ್, ಬಾಯ್” ಎಂದು ಕರೆಯುತ್ತಾಳೆ. ಹೂ ಕೊಡುತ್ತೇನೆ ಎಂದಿದ್ದೇನೆ. ಎಲೆ ಮುಟ್ಟಗೊಡುವುದಿಲ್ಲ. ಮುಂದಿನ ವರ್ಷದ ಗಡ್ಡೆ ತುಂಬುವುದು ಎಲೆಯಿಂದ.

ಇಷ್ಟೆಲ್ಲ ಬರೆದೆನೆಂದು ಬಳ್ಳಿಯ ಆಸೆಗೆ ಗಡ್ಡೆ ಕೊಡಲಾರಳು ಎಂದು ತಿಳಿಯಬೇಡ. ಅಕ್ಕನಿಗೆ ಒಳ್ಳೆಯದಾಗುವುದಾದರೆ ಟಾಯರ್ ಸಮೇತ ಬಸ್ಸಿಗೆ ಹೇರಿ ಕಳಿಸುತ್ತಿದ್ದೆ. ಶುಕ್ರವಾರ ಅಗೆಯಲೆಂದೇ ಕಳೆ ತೆಗೆಯುವ ಕುರ್ಪಿ ಹಿಡಿದು ಕೂತಿದ್ದೆ. ಪಕ್ಕದ ಖೋಲಿಯ ಹೇಮಿಬಾಯಿ ನೀರು ತುಂಬಲು ಬಂದವಳು, “ಏನ ಹುಡುಕಾಕತ್ತೀ, ಹುಗದಿಟ್ಟ ಬಂಗಾರ ಏನ?” ಎಂದು ನಕ್ಕಳು. ನಾನು ವಿಷಯ ಹೇಳಿದೆ. ಅವಳ ಕೈಯ ಕೊಡ ಅಲ್ಲೇ ನೆಲಕ್ಕಿಳಿಯಿತು.

ಅವಳ ತಾಂಡಾದಲ್ಲಿ ನಡೆದದ್ದಂತೆ. ಅವಳ ನಾದಿನಿಗೆ ಹೆರಿಗೆ ನೋವು ಶುರುವಾಗಿ ನಿಂತುಹೋಗಿತ್ತು. ಪಾದಕ್ಕೆ ಹಚ್ಚುತ್ತೇವೆ ಎಂದೇ ಗಡ್ಡೆ ತರಿಸಿದರು. ಹಚ್ಚಿದರೂ ಏನೂ ಆಗದಿದ್ದಾಗ, ನೆಲ್ಲಿಕಾಯಿಯಷ್ಟು ತೇದು ಬಾಯಿಗೆ ಹಾಕಿದರು. ವಾಂತಿ ಭೇದಿ ನಿಲ್ಲಲಿಲ್ಲ. ಕೂಸು ಸತ್ತು ಹುಟ್ಟಿತು. ನಾದಿನಿ ಹನ್ನೆರಡು ದಿನ ಬದುಕಿದ್ದಳು. “ತಲಿ ಬಾಚಾಕ ಹೋದ್ರ ಬಾಚಣಿಕಿ ತುಂಬ ಕೂದ್ಲಾ ಬಂದ್ವು. ಅಗದು ತಂದಾಕಿ ನಾನ, ಮಂಗಲಾ. ಈ ಕೈಲೆ” ಎಂದು ಎರಡೂ ಅಂಗೈ ನನ್ನ ಮುಂದೆ ಹಿಡಿದಳು. ಮೂರು ವರ್ಷ ಗೋಡೆಯಾಚೆ ಇದ್ದವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಬೇಲಿಯ ಮೇಲಿನ ಹೂ ನೋಡಿದಾಗಲೆಲ್ಲ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ನಾನು ಹೊಟ್ಟೆಕಿಚ್ಚು ಎಂದುಕೊಂಡಿದ್ದೆ.

ಅಪ್ಪನಿಗೆ ಹೇಳಿದೆ. “ದೊಡ್ಡವರು ಕೇಳ್ಯಾರ, ಕಳಸು. ಪಾದಕ್ಕ ಹಚ್ಚಿದ್ರ ಏನ ಆಕ್ಕೈತಿ? ನಾಲ್ಕನೇ ಇಯತ್ತೆ ಕಲತಾಕಿ ನೀ ಡಾಕ್ಟರ ಏನ?” ಎಂದ. ಹಾಗಾದರೆ ಡಾಕ್ಟರ ಕಡೆಯವರನ್ನೇ ಕೇಳೋಣ ಎಂದು ಸೋಮವಾರ ಎರಡು ಮನೆಯ ಕೆಲಸ ಬಿಟ್ಟು ಸರಕಾರಿ ದವಾಖಾನೆಗೆ ಹೋದೆ. ಒಂದು ಹೂ, ಎರಡು ಎಲೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡಿದ್ದೆ. ನನ್ನ ಪಾಳಿ ಮೂರು ಸಲ ಬಂದಿತು, ಮೂರು ಸಲವೂ ಹಿಂದಿನವರನ್ನು ಮುಂದೆ ಬಿಟ್ಟೆ. ಕೊನೆಗೆ ಬಾಗಿಲು ಹಾಕುವ ಹೊತ್ತಿಗೆ ನರ್ಸಬಾಯಿಯೇ, “ತೂ ಸುಬಹ್ ಸೇ ಖಡೀ ಹೈ, ಕ್ಯಾ ಹುವಾ?” ಎಂದು, ಬೆಳಗಿನಿಂದ ನಿಂತಿದ್ದೀಯಲ್ಲ ಏನಾಯಿತು ಎಂದು, ಗದರಿಸಿದಳು. ಚೀಲ ಬಿಚ್ಚಿ ಮೇಜಿನ ಮೇಲಿಟ್ಟೆ, ನನ್ನ ಹೊಟ್ಟೆಯ ಮುಂದೆ ಗಾಳಿಯಲ್ಲಿ ಬಸುರಿನ ಹಾಗೆ ಕೈ ತೋರಿಸಿದೆ.

ಅವಳು ಬಸುರಿ ನಾನೇ ಎಂದು ತಿಳಿದು ತಲೆ ಚಚ್ಚಿಕೊಂಡಳು! ನಾನು ಗಾಬರಿಯಾಗಿ ಅಕ್ಕನ ಕಥೆಯೆಲ್ಲ ಒಂದೇ ಉಸಿರಿಗೆ ಹೇಳಿದೆ, ಮೊದಲ ಸಲ ಎರಡು ದಿನ ಮನೆಯಲ್ಲೇ ನೋವು ತಿಂದದ್ದು, ಆ ಕೂಸು ಉಳಿಯದ್ದು, ಎಲ್ಲ. ಅಷ್ಟು ಮಾತು ನನ್ನ ಬಾಯಲ್ಲಿ ಇತ್ತೆಂದು ನನಗೇ ಗೊತ್ತಿರಲಿಲ್ಲ. ನರ್ಸಬಾಯಿ ಕೂರಿಸಿ ನಿಧಾನವಾಗಿ ಹೇಳಿದಳು. ಇದು ವಿಷ. ಪಾದಕ್ಕೂ ಬೇಡ, ಹೊಕ್ಕುಳಿಗೂ ಬೇಡ, ಬಾಯಿಗಂತೂ ಬೇಡವೇ ಬೇಡ. ಅಕ್ಕನಂಥವಳು ಮನೆಯಲ್ಲಿ ಹೆರಲೇಬಾರದು. ತಾರೀಖಿಗೆ ಕಾಯದೆ ಮೊದಲೇ ದೊಡ್ಡ ದವಾಖಾನೆಗೆ ತೋರಿಸಿ ಅವರು ಹೇಳಿದ ದಿನ ಸೇರಿಸಬೇಕು. ನೋವು ಬಂದರೆ, ನೀರು ಹೋದರೆ, ರಕ್ತ ಕಂಡರೆ ಆ ಗಳಿಗೆಯಲ್ಲೇ 108ಕ್ಕೆ ಫೋನು ಮಾಡಬೇಕು. ನಾನು ಮರೆತೇನೆಂದು ಮೂರು ಸಲ ಹೇಳಿಸಿಕೊಂಡೆ. ಬಳ್ಳಿಯ ಕೆಲಸ ಮಾಡುವಾಗ ಕೈಗೆ ಚೀಲ ಕಟ್ಟಿಕೋ ಎಂದೂ ಹೇಳಿದಳು.

ಅದಕ್ಕೆ ಅವ್ವಾ, ನಾನು ಗಡ್ಡೆ ಅಗೆಯುವುದಿಲ್ಲ. ಅಪ್ಪ ಬೈದರೂ ಇಲ್ಲ, ಅತ್ತೆಯವರು ಸಿಟ್ಟಾದರೂ ಇಲ್ಲ, ನೀನೇ ಹೇಳಿದರೂ ಇಲ್ಲ. ನಿನಗೆ ಹೇಳಿಯೇ ನಿನ್ನ ಮಾತು ಮೀರುವುದು ಇದೇ ಮೊದಲು. ಅತ್ತೆಯವರು ಕೆಟ್ಟವರಲ್ಲ, ಅದು ನನಗೆ ಗೊತ್ತು. ಹೋದ ಸಲ ಆ ಕೂಸನ್ನು ಕೈಯಲ್ಲಿ ಹಿಡಿದು ಹೊರಗೆ ತಂದವರು ಅವರೇ. ಆ ಹೆದರಿಕೆಗೆ ಗಡ್ಡೆ ಬೇಡುತ್ತಿದ್ದಾರೆ. ಆದರೆ ಪಾದಕ್ಕೆ ಎಂದು ಮನೆಯೊಳಗೆ ಬಂದ ಗಡ್ಡೆ, ನೋವು ನಿಂತ ಹೊತ್ತಿನಲ್ಲಿ ಎಲ್ಲಿಗೆ ಹೋಗುತ್ತದೆಂದು ಹೇಮಿಬಾಯಿಯ ಕೈ ನೋಡಿದವಳಿಗೆ ಗೊತ್ತು. ನೀನು ಯಂತ್ರದ ಮುಂದೆ ನಿಂತದ್ದು ನೆನಪು ಮಾಡಿಕೋ. ಒಂದು ಬಳ್ಳಿಗೋಸ್ಕರ ನಿಂತವಳು ಅಕ್ಕನಿಗೋಸ್ಕರ ನಿಲ್ಲಲಾರೆಯಾ? ನಿನ್ನ ಅಳಿಯ ಗುರುಲಿಂಗ ಮಾವನಿಗೆ ಮೊದಲು ಹೇಳು. ಅವರು ಮಾತು ಕಡಿಮೆ, ಆದರೆ ಅಕ್ಕನ ಮೇಲೆ ಜೀವ. ಈ ವಾರವೇ ತಾಲೂಕು ದವಾಖಾನೆಗೆ ಕರೆದುಕೊಂಡು ಹೋಗಲಿ.

ಅತ್ತೆಯವರಿಗೆ, ಮಾವನಿಗೆ ನನ್ನ ನಮಸ್ಕಾರ ತಿಳಿಸು. ಅಕ್ಕನ ಹೊಟ್ಟೆಯ ಮೇಲೆ ನನ್ನ ಹೆಸರು ಹೇಳಿ ಒಮ್ಮೆ ಕೈಯಾಡಿಸು. ಅವಳು ಕೂಸು ಎತ್ತಿಕೊಂಡು ಬರುವಾಗ ಬಳ್ಳಿಯಲ್ಲಿ ಹೂ ಇರಲಿಕ್ಕಿಲ್ಲ. ಇರದಿದ್ದರೆ ಬರುವ ಆಷಾಢಕ್ಕೆ ಕೂಸೇ ನಡೆದು ಬಂದು ನೋಡುತ್ತದೆ.

ನಿನ್ನ ಕಿರಿಯ ಮಗಳು,
ಮಂಗಲಾ

ತಾ.ಕ.: ನಾನಪ್ಪ ಬಂದು ಹೊರಗೆ ನಿಂತಿದ್ದಾನೆ. ನಾಳೆಯ ಬಸ್ಸು ನಸುಕಿಗೇ ಇದೆಯಂತೆ, ಅದಕ್ಕೆ ಇವತ್ತೇ ಫೋಂಡಾಕ್ಕೆ ಹೋಗಿ ಉಳಿಯುತ್ತಾನೆ. ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಪತ್ರದ ಜೊತೆ ಅವನ ಕೈಯಲ್ಲಿ ಕೆಂಪು ಅರಿವೆಯ ಗಂಟು ಕೊಟ್ಟಿದ್ದೇನೆ. ಬಿಚ್ಚಿದರೆ ಎರಡು ಕೈಯ ಗಡ್ಡೆ ಇರುತ್ತದೆ. ಗಾಬರಿಯಾಗಬೇಡ. ಅದು ಗೆಣಸು, ಬರೀ ತಿನ್ನುವ ಗೆಣಸು. ಖಾಲಿ ಕೈಯಲ್ಲಿ ನಾನಪ್ಪ ಬಂದರೆ ಅತ್ತೆಯವರು ಅಲ್ಲಿಯ ಗುಡ್ಡದಿಂದಲೇ ಯಾರ ಕೈಯಲ್ಲಾದರೂ ಅಗೆಸಿ ತರಿಸುತ್ತಾರೆ, ಆ ಹೆದರಿಕೆ ನನಗೆ. ಕವಲೊಡೆದ ಗೆಣಸಿಗಾಗಿ ಸಂತೆಯಲ್ಲಿ ಗೆಣಸು ಮಾರುವ ಮೆಹಬೂಬಿಯ ಬುಟ್ಟಿಯನ್ನೆಲ್ಲ ಕೆದಕಿದೆ. “ಏ ಹುಡುಗಿ, ಗೆಣಸ ತಗೋತೀಯೋ, ಗಂಡು ನೋಡಾಕ ಬಂದೀಯೋ?” ಎಂದು ಸಂತೆಯೆಲ್ಲ ಕೇಳುವ ಹಾಗೆ ಕೂಗಿದಳು. ನಾಚಿಕೆಯಾಯಿತು, ಆದರೂ ಕೆದಕಿದೆ. ಅತ್ತೆಯವರಿಗೆ ಖರೇ ಹೇಳುವ ಧೈರ್ಯ ಬಂದರೆ ಹೇಳಿಬಿಡು, ಗೆಣಸನ್ನು ಸುಟ್ಟು ಅಕ್ಕನಿಗೆ ಬೆಲ್ಲ ಹಚ್ಚಿ ಕೊಡು. ಬರದಿದ್ದರೆ ಅವರು ಅದನ್ನೇ ತೇದು ಪಾದಕ್ಕೆ ಹಚ್ಚಲಿ, ಬೇಕಾದರೆ ಬಾಯಿಗೂ ಹಾಕಲಿ. ಆದರೆ ಅದು ಹಚ್ಚುವ ಹೊತ್ತಿಗೆ 108 ಗಾಡಿ ಬಾಗಿಲಲ್ಲಿ ಇರಬೇಕು. ಅದನ್ನು ನೀನು ನೋಡಿಕೋ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಮಳೆಗೆ ಮಣ್ಣು ಕೊಚ್ಚಿ ಟಾಯರಿನಲ್ಲಿ ಗಡ್ಡೆಯ ಒಂದು ಬೆನ್ನು ಹೊರಗೆ ಕಾಣುತ್ತಿತ್ತು. ಕೈಗೆ ಚೀಲ ಕಟ್ಟಿಕೊಂಡು ಮೂರು ಬೊಗಸೆ ಮಣ್ಣು ಹಾಕಿ ಮುಚ್ಚಿದ್ದೇನೆ.