ಗೋಡೆಗೆ ಎಟುಕದ ಬೀಮ್

ಮಾರ್ಚ್ 2

ಬರೆಯಬೇಕಂತೆ. ಐದನೇ ಕ್ಲಾಸು ದಾಟದವನಿಗೆ, ಈ ವಯಸ್ಸಿನಲ್ಲಿ, ಮಗಳು ನೋಟ್‌ಬುಕ್ ಕೊಟ್ಟು ಹೋಗಿದ್ದಾಳೆ.

"ಅಪ್ಪ, ನೀವು ಕೂಗಾಡಿದ್ದಕ್ಕೆ ಇಂಜಿನಿಯರ್ ಮೇಡಂ ಫೋನ್ ಇಟ್ಟುಬಿಟ್ರು. ಇನ್ಮೇಲೆ ಸಿಟ್ಟು ಬಂದ್ರೆ ಇದರಲ್ಲಿ ಬರೀರಿ. ಜನರ ಮೇಲೆ ಹಾರಬೇಡಿ."

ನಾನೆಲ್ಲಿ ಹಾರಿದೆ? ಕೇಳಿದ್ದು ಒಂದೇ ಪ್ರಶ್ನೆ. ಹಿಂದಿನ ಗೋಡೆ ತೆಗೆದರೆ ಅದರ ಮೇಲಿನ ಕೋಣೆ ಯಾವುದರ ಮೇಲೆ ನಿಲ್ಲುತ್ತದೆ? ಆ ಕೋಣೆಯಲ್ಲಿ ಮಲಗಿರುವುದು ನನ್ನ ಹೆಂಡತಿ. ಸ್ವಲ್ಪ ಜೋರಾಗಿ ಕೇಳಿದೆ, ಅಷ್ಟೆ.

ಸೊಂಟ ಮುರಿದ ಮೇಲೆ ಅವಳು ಮೆಟ್ಟಿಲು ಇಳಿದಿಲ್ಲ. ಅದಕ್ಕೇ ಇಷ್ಟೆಲ್ಲ. ಅಡುಗೆಮನೆಯ ಹಿಂದೆ ಒಂದು ಕೋಣೆ ಕಟ್ಟಿ, ನಡುವಿನ ಗೋಡೆ ತೆಗೆದು, ಅವಳ ಮಂಚ ಕೆಳಗೆ ತರುವುದು. ಗೋಡೆಯ ಬದಲು ಕಬ್ಬಿಣದ ಬೀಮ್.

ಮಾರ್ಚ್ 5

ಇಂಜಿನಿಯರ್ ಬಂದಿದ್ದಳು. ನನ್ನ ಮಗಳಿಗಿಂತ ಚಿಕ್ಕವಳು. ಗೋಡೆ ತಟ್ಟಿದಳು, ಮೇಲೆ ಹೋಗಿ ನೋಡಿದಳು. ನಾನು ಎರಡು ಸಲ ಕೇಳಿದ್ದಕ್ಕೆ ಎರಡು ಸಲವೂ ಹೇಳಿದಳು.

"ಬೀಮಿನ ಎರಡು ತುದಿನೂ ಆಚೀಚೆ ಉಳಿಯೋ ಗೋಡೆ ಮೇಲೆ ಕೂರಬೇಕು ತಾತ. ಭಾರವೆಲ್ಲ ಇಳಿಯೋದು ಅಲ್ಲೇ. ಡ್ರಾಯಿಂಗ್ ಕಳಿಸ್ತೀನಿ. ಅಲ್ಲೀವರೆಗೂ ಏನೂ ಮುಟ್ಟಬೇಡಿ."

ತಾತನಂತೆ. ಹೋಗಲಿ.

ಕಟ್ಟುವವನು ಹೆಂಡತಿಯ ತಮ್ಮ. ಸ್ವಂತವಾಗಿ ಹಿಡಿದ ಮೊದಲ ಕೆಲಸ. ಏನು ಕೇಳಿದರೂ "ಆಗುತ್ತೆ ಬಿಡಿ ಭಾವ." ಮನೆಯಲ್ಲಿ ನಾನು ಕರೆಯುವ ಹೆಸರೇ ಆಗುತ್ತೆಬಿಡಿ. ಹೆಂಡತಿಗೆ ಮೂಗಿನ ತುದಿಯಲ್ಲೇ ಕೋಪ.

"ರೀ, ಅವನ ಕೈಹಿಡಿದು ನಡೆಯೋದು ಕಲಿಸಿದವಳು ನಾನು. ನನ್ನೆದುರಿಗೆ ಅವನನ್ನ ಆಡಿಕೋಬೇಡಿ."

ಮಾರ್ಚ್ 11

ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರುವಷ್ಟರಲ್ಲಿ ಗೋಡೆ ಇಲ್ಲ!

ಗೋಡೆಯಿದ್ದ ಕಡೆ ಬಯಲು. ಎರಡು ಸಾಲು ಕಬ್ಬಿಣದ ಜಾಕಿಗಳು ಮೇಲಿನ ಕೋಣೆಯನ್ನು ಹೊತ್ತುಕೊಂಡಿವೆ. ಹೊರಗಿನ ಸಾಲು ನಿಂತಿರುವುದು ಪಾಯಕ್ಕೆ ಅಗೆದ ಸಡಿಲ ಮಣ್ಣಿನ ಮೇಲೆ ಹಾಸಿದ ಹಲಗೆಗಳಲ್ಲಿ. ಹೆಂಡತಿಯ ತಮ್ಮನನ್ನು ಹಿಡಿದು ಕೇಳಿದೆ.

"ಡ್ರಾಯಿಂಗ್ ಬಂತೇನೋ?"

"ಇವತ್ತು ನಾಳೆ ಬರುತ್ತೆ. ಅಳತೆ ನಾನೇ ತಗೊಂಡೆ, ಬೀಮಿಗೂ ಹೇಳಿ ಆಯ್ತು. ಅಕ್ಕ ಬೇಗ ಕೆಳಗೆ ಬರಲಿ ಅಂತ. ಆಗುತ್ತೆ ಬಿಡಿ ಭಾವ."

ಆಗಿನಿಂದ ಮೇಲೆ ಹೋಗುವಾಗ ಚಪ್ಪಲಿ ಕಳಚಿ ತುದಿಗಾಲಲ್ಲಿ ನಡೆಯುತ್ತೇನೆ. ಹೆಂಡತಿ ನಗುತ್ತಾಳೆ. "ಸ್ವಂತ ಮನೆಗೆ ನುಗ್ಗಿದ ಕಳ್ಳ ನೀವೊಬ್ಬರೇ."

ಮಾರ್ಚ್ 13

ಬೀಮ್ ಬಂತು. ಅಂಗಳದಲ್ಲಿ ಮಲಗಿಸಿದರು.

ನನ್ನಂಥ ದರ್ಜಿಯ ಜೇಬಿನಲ್ಲಿ ಟೇಪ್ ಇದ್ದೇ ಇರುತ್ತದೆ. ಸುಮ್ಮನೆ ಹಿಡಿದು ನೋಡಿದೆ. ಮೊದಲು ಬೀಮ್. ಆಮೇಲೆ ಗೋಡೆ ತೆಗೆದ ಜಾಗ. ಮತ್ತೆ ಬೀಮ್.

ಎರಡೂ ಒಂದೇ. ಖಾಲಿ ಜಾಗ ಎಷ್ಟೋ ಬೀಮೂ ಅಷ್ಟೇ. ಆಚೀಚೆ ಗೋಡೆಯ ಮೇಲೆ ಕೂರಲು ಒಂದು ಬೆರಳಷ್ಟೂ ಇಲ್ಲ. ಹೊಲಿಗೆಗೆ ಬಟ್ಟೆ ಬಿಡದೆ ಅಂಗಿ ಕತ್ತರಿಸಿದ ಹಾಗೆ. ಅಂಗಿಯಾದರೆ ಬೇರೆ ಬಟ್ಟೆ ತರಬಹುದು...

ಈ ಸಲ ಕೂಗಲಿಲ್ಲ.

ಆಗುತ್ತೆಬಿಡಿಯನ್ನು ಕರೆದು ತೋರಿಸಿದೆ. ಟೇಪನ್ನೇ ನೋಡುತ್ತ ನಿಂತ.

"ತುದಿಗೆ ತುಂಡು ವೆಲ್ಡಿಂಗ್ ಮಾಡಿಸಿದ್ರೆ..."

"ಆಗುತ್ತಾ?"

"ನೋಡೋಣ ಭಾವ."

ನೋಡೋಣ! ಇಷ್ಟು ವರ್ಷದಲ್ಲಿ ಆ ಬಾಯಲ್ಲಿ ಈ ಮಾತು ಕೇಳಿರಲಿಲ್ಲ. ಬೀಮ್ ನೋಡಿದಾಗಿನದಕ್ಕಿಂತ ಹೆಚ್ಚು ಹೆದರಿಕೆ ಆಗಲೇ ಆದದ್ದು.

ಮಾರ್ಚ್ 14

ಮೇಲಿನ ಕೋಣೆಯ ಬಾಗಿಲು ಹಾಕಲು ಬರುತ್ತಿಲ್ಲ. ಚೌಕಟ್ಟಿಗೆ ಉಜ್ಜುತ್ತಿದೆ. ಹೋದ ವಾರ ಬೆರಳಲ್ಲಿ ತಳ್ಳಿದರೆ ಮುಚ್ಚುತ್ತಿತ್ತು.

ಮಗಳು ಬೀಮಿನದೂ ಬಾಗಿಲಿನದೂ ಫೋಟೋ ಕಳಿಸಿ, ವೆಲ್ಡಿಂಗ್ ಮಾತನ್ನೂ ತಿಳಿಸಿದಳು. ಇಂಜಿನಿಯರ್ ಕೂಡಲೇ ಫೋನ್ ಮಾಡಿದಳು. ಈ ಸಲ ಕೂಗಿದ್ದು ಅವಳು.

"ತುಂಡು ಬೆಸೆದದ್ದು ಬೇಡವೇ ಬೇಡ. ಹೊಸ ಬೀಮ್ ಬರಬೇಕು. ನಾನು ಪರವೂರಲ್ಲಿದ್ದೀನಿ, ಹದಿನೇಳಕ್ಕೆ ಬಂದು ನೋಡ್ತೀನಿ. ಮೊದಲು ಮೇಲಿನ ಕೋಣೆ ಖಾಲಿ ಮಾಡಿ. ಈಗಲೇ, ತಾತ."

ಮೇಲೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ಕುರ್ಚಿಯಲ್ಲಿ ಕೂರಿಸಿ ನಾನೂ ಮಗಳೂ ಇಳಿಸುತ್ತೇವೆ ಎಂದೆ. ಮಂಚದ ಸರಳು ಹಿಡಿದುಕೊಂಡಳು.

"ಮುಟ್ಟಿದರೆ ನೋಡಿ. ಸ್ವಂತ ಅಕ್ಕನೇ ನಂಬದೆ ಇಳಿದುಹೋದಳು ಅಂತಾದರೆ ಇನ್ಯಾರು ಅವನಿಗೆ ಕೆಲಸ ಕೊಡ್ತಾರೆ? ಅಕ್ಕ, ಇಳಿ ಅಂತ ಅವನು ಬಂದು ಹೇಳಲಿ. ಇಳೀತೀನಿ."

"ಅವನು ಫೋನೇ ಎತ್ತುತ್ತಿಲ್ಲ ಕಣೇ."

"ಹಾಗಾದರೆ ಹೆದರೋ ಅಂಥದ್ದು ಏನೂ ಇಲ್ಲ ಅಂತ ಅರ್ಥ."



ಮಾರ್ಚ್ 15

ಬೆಳಿಗ್ಗೆಯಿಂದ ಮೋಡ. ಸಡಿಲ ಮಣ್ಣಿಗೆ ನೀರು ಬಿದ್ದರೆ...

ಕೋಣೆಯಿಂದ ತೂಕ ಇಳಿಸುತ್ತಿದ್ದೇನೆ. ಟ್ರಂಕು ಇಳಿಯಿತು. ಹೊಲಿಗೆ ಮಿಷನ್ ಇಳಿಯಿತು. ನೀರಿನ ಬಿಂದಿಗೆಯೂ. ಇದರಿಂದ ಎಷ್ಟು ಹಗುರಾಯಿತೋ ದೇವರೇ ಬಲ್ಲ. "ಮುಂದಿನ ಸರದಿ ನನ್ನ ಬಳೆಗಳದ್ದಾ?" ಎನ್ನುತ್ತಾಳೆ. ನಕ್ಕರೂ ಕಣ್ಣು ಬಾಗಿಲ ಕಡೆಗೇ. ಅದು ಉಜ್ಜುವುದನ್ನು ಅವಳೂ ನೋಡಿದ್ದಾಳೆ.

ಅವಳ ಪಕ್ಕದಲ್ಲಿ ಕೂರೋಣವೆಂದರೆ ನಾನೂ ಒಂದು ತೂಕ. ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ಅವಳ ಕಾಲು ಕಾಣುತ್ತದೆ.

ಮಗಳು ಹೆಂಡತಿಯ ತಮ್ಮನ ಮನೆಗೆ ಹೊರಟಿದ್ದಾಳೆ. ಈ ಕೆಳಗಿನದನ್ನು ಹರಿದು ಅವಳ ಕೈಗೆ ಕೊಡುತ್ತೇನೆ. ಎದುರಿಗೆ ಹೋದರೆ ಕೂಗುತ್ತೇನೆ, ಅವನು ಇನ್ನೂ ಅಡಗುತ್ತಾನೆ.

ನೋಡು. ತಪ್ಪು ಯಾರದು ಎಂದು ಕೇಳುವುದಿಲ್ಲ. ಬೀಮಿಗೆ ಅಳತೆ ಕೊಟ್ಟವನು ನಾನೇ, ಮುದುಕನ ಕಣ್ಣು ಕಾಣಲಿಲ್ಲ ಎಂದು ಬೇಕಾದರೆ ಊರಿಗೆಲ್ಲ ಹೇಳುತ್ತೇನೆ. ಆಗುತ್ತೆಬಿಡಿ ಎಂದು ಇನ್ನು ಕರೆಯುವುದಿಲ್ಲ. ನೀನು ಏನೂ ಹೊರಬೇಕಾಗಿಲ್ಲ. ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತು, ಅಕ್ಕ ಇಳಿ ಎನ್ನು. ಎರಡೇ ಮಾತು. ಇಳಿಸುವುದು ನಮಗಿರಲಿ.

ಬರುತ್ತೀಯೋ ಇಲ್ಲವೋ. ನಾಳೆ, ಹದಿನಾರನೇ ತಾರೀಖಿನೊಳಗೆ ಉತ್ತರ ಬೇಕು.