ಸಣ್ಣ ಬಿಸಿ

ಮಾರ್ಚ್ ೧೧, ಬುಧವಾರ

ಮಾವ ಹೋದ ಮೇಲೆ ಅತ್ತೆ ಒಂದು ಹನಿ ಕಣ್ಣೀರೂ ಹಾಕಿಲ್ಲ. ಎಲ್ಲರೂ ಗಟ್ಟಿಗಿತ್ತಿ ಅನ್ನುತ್ತಾರೆ. ಗಟ್ಟಿ ಉಕ್ಕೇ ಮೊದಲು ಮುರಿಯುವುದನ್ನು ಉಕ್ಕಿನ ಲ್ಯಾಬಿನಲ್ಲಿ ಮೂವತ್ತು ವರ್ಷ ನೋಡಿದ ನನಗೆ ಆ ಮಾತೇ ಭಯ.

ಸಂಜೆ ಅವರ ಪಕ್ಕ ಕೂತು, ಉಕ್ಕಿನ ತುಂಡನ್ನು ಲ್ಯಾಬಿನ ಓವನ್ನಿನಲ್ಲಿಟ್ಟು ಬಂದೆ ಅಂದೆ. ಎಷ್ಟೋ ದಿನದ ಮೇಲೆ ಅತ್ತೆ ತಮ್ಮ ಹಳೇ ತಮಾಷೆ ತೆಗೆದರು: "ಏನೇ, ಕಬ್ಬಿಣ ಬೆಂತಾ?"

"ಬೇಯಿಸೋಕಲ್ಲ ಅತ್ತೆ. ಒಳಗೆ ಹೈಡ್ರೋಜನ್ ಸೇರ್ಕೊಂಡಿದ್ರೆ ಉಕ್ಕು ಒಂದಿನ ಇದ್ದಕ್ಕಿದ್ದ ಹಾಗೆ ಮುರಿಯುತ್ತೆ. ಸಣ್ಣ ಬಿಸೀಲಿಟ್ರೆ ಅದು ತಾನಾಗೇ ಹೊರಗೆ ಹೋಗುತ್ತೆ."

"ತುಂಬಾ ಹೊತ್ತು ಬೇಕಾ?"

"ಬೇಕು. ಅವಸರ ಮಾಡ್ಬಾರ್ದು."

ಅತ್ತೆ ನನ್ನ ಭುಜಕ್ಕೆ ತಲೆಯಾನಿಸಿದರು. "ಹಾಗಾದ್ರೆ ಈಗ್ಲೇ ಎದ್ದು ಹೋಗ್ಬೇಡ ಕಣೇ."

ಭುಜ ಇನ್ನೂ ಒದ್ದೆಯಿದೆ. ಬಟ್ಟೆ ಬದಲಿಸಲು ಮನಸ್ಸು ಬರುತ್ತಿಲ್ಲ.