ಕಪ್ಪು ಬಿಳುಪು ಸೀರೆಯ ಬಣ್ಣ

ದೊಡ್ಡಬಳ್ಳಾಪುರ
20-1-2025

ಮುದ್ದು ಮೊಮ್ಮಗಳು ಸ್ನೇಹಾಳಿಗೆ ತಾತ ಸಂಜೀವಪ್ಪ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಹಾಸನದ ಚಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೆ? ನರ್ಸಿಂಗ್ ಓದುವವಳಿಗೆ ನಾನು ಔಷಧ ಹೇಳಬಾರದು, ಆದರೂ ಮಲಗುವ ಮುಂಚೆ ಬಿಸಿನೀರು ಕುಡಿ. ನಾವೆಲ್ಲ ಕ್ಷೇಮ. ಅಜ್ಜಿಯ ಮೊಣಕಾಲು ನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಸಂಕ್ರಾಂತಿಗೆ ನೀನು ಬರಲಿಲ್ಲವೆಂದು ಎಳ್ಳುಬೆಲ್ಲವನ್ನು ಡಬ್ಬಿಯಲ್ಲಿ ಎತ್ತಿಟ್ಟಿದ್ದಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಲವತ್ತು ವರ್ಷ ಮಗ್ಗದ ಸದ್ದು ಕುಡಿದ ಕಿವಿ ಇದು. ನಾನು ಮಾತಿಗೊಮ್ಮೆ ‘ಆಂ? ಆಂ?’ ಎಂದರೆ ನಿನಗೂ ಬೇಜಾರು. ಅದಕ್ಕೇ ಕಾಗದ.

ನಮ್ಮ ಮನೆಯ ಆ ಹಳೇ ಸಿನಿಮಾ ನಿನಗೆ ಗೊತ್ತೇ ಇದೆ. ನಿನ್ನ ಮುತ್ತಾತ ವೆಂಕಟರಮಣಪ್ಪನವರು ಕೈಮಗ್ಗದಲ್ಲಿ ನೇಯ್ದ ಸೀರೆಯನ್ನು ನಾಯಕಿ ಧಾರೆಯ ದೃಶ್ಯದಲ್ಲಿ ಉಟ್ಟಿದ್ದಳಲ್ಲ, ಅದೇ ಕಪ್ಪು ಬಿಳುಪು ಸಿನಿಮಾ. ಟಿವಿಯಲ್ಲಿ ಬಂದಾಗಲೆಲ್ಲ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ‘ಅಗೋ, ನಮ್ಮಪ್ಪನ ಸೀರೆ’ ಎಂದು ತೋರಿಸುತ್ತಿದ್ದೆ. ಅದನ್ನೀಗ ಬಣ್ಣದಲ್ಲಿ ಹೊಸದಾಗಿ ತೆಗೆಯುತ್ತಿದ್ದಾರೆ. ಹೋದ ತಿಂಗಳು ಅವರ ಕಡೆಯಿಂದ ದಿವ್ಯ ಎಂಬ ಹುಡುಗಿ ಮನೆಗೆ ಬಂದಳು. ನಟನಟಿಯರ ಉಡುಪು ನೋಡಿಕೊಳ್ಳುವುದು ಅವಳ ಕೆಲಸ. ಅಂಥದ್ದೇ ಒಂದು ಸೀರೆ ನೇಯ್ದುಕೊಡಬೇಕಂತೆ. ನನಗೆ ಎಲ್ಲಿತ್ತೋ ಸಿಟ್ಟು! ‘ಒಂದ್ಸಲ ಚೆನ್ನಾಗಿ ಆಗಿದ್ದನ್ನ ಮತ್ತೆ ಮಾಡ್ಬಾರ್ದು ಕಣಮ್ಮ. ಹೆತ್ತ ತಾಯೀನ ಇನ್ನೊಂದ್ಸಲ ಮಾಡ್ಸಕ್ಕಾಗುತ್ತಾ?’ ಎಂದು ರೇಗಿದೆ. ಅವಳು ಕಾಫಿ ಕುಡಿದು, ಲೋಟ ಕೆಳಗಿಟ್ಟು, ‘ಆಯ್ತು ತಾತ. ಸೀರೆ ಬಣ್ಣ ಯಾವ್ದು ಅಂತಾದ್ರೂ ಹೇಳಿ. ಸಿನಿಮಾದಲ್ಲಿ ಗೊತ್ತಾಗಲ್ಲ’ ಎಂದಳು.

‘ಅರಿಶಿನ’ ಎಂದೆ. ಬಾಯಿ ಮುಚ್ಚುವ ಮೊದಲೇ ಅಡುಗೆಮನೆಯಿಂದ ನಿಮ್ಮಜ್ಜಿ, ‘ಗಿಳಿಹಸ್ರು! ನಿಮ್ಮಮ್ಮನೇ ನಂಗೆ ಹೇಳಿದ್ರು’ ಎಂದು ಕೂಗಿದಳು. ಹುಡುಗಿ ನಂಬರು ಕೊಟ್ಟು ಹೋದಳು, ಜಗಳ ಉಳಿಯಿತು. ಮೂರು ದಿನ ನಿಮ್ಮಪ್ಪ ಮುನಿಕೃಷ್ಣ ತಟ್ಟೆ ಎತ್ತಿಕೊಂಡು ಹೋಗಿ ಮಗ್ಗದ ಮನೆಯಲ್ಲಿ ಊಟ ಮಾಡಿದ. ನಾಲ್ಕನೆಯ ದಿನ ದೇವರ ಪೆಟ್ಟಿಗೆ ಒರೆಸುತ್ತಿದ್ದ ಅಜ್ಜಿಗೆ ಅದರ ತಳದಲ್ಲಿ ಹಾಸಿದ್ದ ಎರಡು ಗೇಣು ಬಟ್ಟೆ ಸಿಕ್ಕಿತು. ಆ ಸೀರೆ ನೇಯ್ದಾಗ ನಮ್ಮಪ್ಪ ಮಿಗಿಸಿಟ್ಟ ತುಂಡು. ಅಂಚಿನಲ್ಲಿ ಸಾಲಾಗಿ ಗಿಳಿಗಳು. ದಿವ್ಯಳನ್ನು ಕರೆಸಿದೆವು, ಫೋನಿನಲ್ಲಿ ಸಿನಿಮಾದ ಚಿತ್ರ ದೊಡ್ಡದು ಮಾಡಿ ಪಕ್ಕಕ್ಕಿಟ್ಟಳು. ಗಿಳಿಗೆ ಗಿಳಿ ಹೊಂದಿತು. ಬಣ್ಣ ಅರಿಶಿನವೂ ಅಲ್ಲ, ಹಸಿರೂ ಅಲ್ಲ. ಮಾಗಿದ ನೇರಳೆಹಣ್ಣಿನದು!

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಅಪ್ಪ ಅದನ್ನು ನೇಯುವಾಗ ನನಗೆ ಹತ್ತು ವರ್ಷ, ಮಗ್ಗದ ಪಕ್ಕದಲ್ಲೇ ಕೂತಿದ್ದೆ. ಆ ಸಿನಿಮಾವನ್ನು ಯಾರೂ ಮುಟ್ಟಬಾರದು ಎನ್ನುತ್ತಿದ್ದ ನಾನೇ ಇಷ್ಟು ವರ್ಷ ಅದಕ್ಕೆ ಅರಿಶಿನ ಬಳಿದುಕೊಂಡು ನೋಡುತ್ತಿದ್ದೆನಲ್ಲ!

ನೇಯ್ದುಕೊಡುತ್ತೇವೆ ಎಂದುಬಿಟ್ಟೆ. ನೇಯಲು ಕೂತವನು ನಿಮ್ಮಪ್ಪ, ಆದರೆ ಗಿಳಿಗಳ ಕೊಕ್ಕು ಸರಿಬರುವವರೆಗೆ ನಾನು ಮಗ್ಗದ ಪಕ್ಕ ಬಿಟ್ಟು ಏಳಲಿಲ್ಲ. ‘ಅಪ್ಪಾ, ಸ್ವಲ್ಪ ಆಚೆ ಕೂತ್ಕೊಳ್ಳಿ, ಕೈ ಆಡ್ಸಕ್ಕಾಗ್ತಿಲ್ಲ’ ಎಂದು ನಿಮ್ಮಪ್ಪ ಗೋಗರೆದ.

ಮೊನ್ನೆ ಶುಕ್ರವಾರ ದೇವನಹಳ್ಳಿ ಹತ್ತಿರದ ಒಂದು ಹಳೇ ಛತ್ರದಲ್ಲಿ ಧಾರೆಯ ಶೂಟಿಂಗ್. ನನ್ನನ್ನೂ ಅಜ್ಜಿಯನ್ನೂ ಕರೆದಿದ್ದರು. ಕ್ಯಾಮೆರಾ ಓಡುತ್ತಿತ್ತು. ಹೊಸ ನಾಯಕಿ ಒಳಗಿನಿಂದ ಬಂದಳು. ಬಿಸಿಲು ಸೀರೆಯ ಮೇಲೆ ಬಿತ್ತು. ನನಗೇ ಗೊತ್ತಿಲ್ಲದೆ ‘ಅಪ್ಪಾ!’ ಎಂದು ಕೂಗಿಬಿಟ್ಟೆ. ಶಾಟ್ ಹಾಳಾಯಿತು. ಯಾರೂ ಬೈಯಲಿಲ್ಲ, ದಿವ್ಯ ಬಂದು ನನ್ನ ಕೈ ಹಿಡಿದುಕೊಂಡಳು. ಅಜ್ಜಿ ಮಾತ್ರ ಬಿಡಲಿಲ್ಲ. ‘ಒಂದ್ಸಲ ಚೆನ್ನಾಗಿ ಆಗಿದ್ದನ್ನ ಮತ್ತೆ ಮಾಡ್ಬಾರ್ದು ಅಂತಿದ್ರಲ್ಲ? ಈಗ ನಿಮ್ಮಿಂದ್ಲೇ ಮತ್ತೆ ಮಾಡ್ತಾವ್ರೆ ನೋಡಿ!’

ಹಳೆಯದು ಹಳೆಯದೇ, ಅದರಲ್ಲಿ ನನ್ನ ಮಾತು ಬದಲಿಲ್ಲ. ಹೊಸದನ್ನು ನೋಡಿದ ಮೇಲೆ ಬೈಯುತ್ತೇನೆ. ನೋಡುವ ಮುಂಚೆ ಬೈಯುವುದನ್ನು ಬಿಟ್ಟಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹಾಸ್ಟೆಲಿನ ನಿನ್ನ ಗೆಳತಿಯರಿಗೂ ಈ ಮುದುಕನ ಆಶೀರ್ವಾದ ತಿಳಿಸು. ದೇವರು ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ನಿನ್ನ ತಾತ,
ಸಂಜೀವಪ್ಪ

ಮರೆತಿದ್ದೆ. ಸುಳ್ಳು, ಮರೆತಿರಲಿಲ್ಲ, ಬರೆಯುವುದಕ್ಕೆ ಮನಸ್ಸು ಹಿಂಜರಿಯಿತು. ಅಜ್ಜಿಯ ಧಾರೆ ಸೀರೆ ಕತ್ತರಿಸಿ ಲಂಗ ಹೊಲಿಸಿಕೊಳ್ಳುತ್ತೇನೆಂದು ನೀನು ದೀಪಾವಳಿಯಲ್ಲಿ ಕೇಳಿದಾಗ, ಹಬ್ಬದ ದಿನ, ಎಲ್ಲರ ಮುಂದೆ ಬೈದು ನಿನ್ನನ್ನು ಅಳಿಸಿದೆ. ಅವತ್ತು ಹೋದವಳು ನೀನು ಇತ್ತ ತಿರುಗಿ ನೋಡಿಲ್ಲ. ಸೀರೆ ಅಜ್ಜಿಯದು, ಕೊಡುತ್ತೇನೆಂದವಳೂ ಅವಳೇ. ನಡುವೆ ನಾನು ಯಾರು? ತಪ್ಪಾಯಿತು ಕಣಮ್ಮ. ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ನಾನೇ ಗಾಳಿಗೆ ಹಾಕಿದ್ದೇನೆ, ಟೈಲರ್ ಅಂಬರೀಶನಿಗೂ ಹೇಳಿಟ್ಟಿದ್ದೇನೆ. ಅಳತೆ ಕೊಡುವುದಕ್ಕಾದರೂ ಬಾ, ತಾಯಿ.